ಹಿಂದಿನ ಮೂಲೆಯ ಬಿಳುಪು

೨೦೨೪ರ ಆಗಸ್ಟ್ ೧೮, ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಹೇಮಂತನ ಬಲಗೈ ಮೊಣಕೈಯವರೆಗೆ ಮೀನಿನ ತೊಟ್ಟಿಯಲ್ಲಿ ಮುಳುಗಿತ್ತು. ನೀರಿನ ಮಟ್ಟದಲ್ಲಿ ಕೈ ಮುರಿದಂತೆ ಕಾಣುತ್ತಿತ್ತು. ಮೇಲಿನ ಅರ್ಧ ಅವನದು. ಕೆಳಗಿನದು ದಪ್ಪ ಬೆರಳುಗಳ, ಬಿಳಚಿಕೊಂಡ, ಇನ್ನಾರದೋ ಕೈ. ಬೆಳಕು ಬಾಗುವುದರಿಂದ ಹೀಗೆ ಎಂದು ಹೈಸ್ಕೂಲಿನ ಮಕ್ಕಳಿಗೆ ವರ್ಷ ವರ್ಷವೂ ಹೇಳಿಕೊಂಡು ಬಂದವನು ಅವನೇ. ಆದರೂ ಆ ಕೈ ತನ್ನ ಮಾತು ಕೇಳುತ್ತದೆಯೇ ಎಂದು ಬೆರಳಾಡಿಸಿ ನೋಡಿದ. ಗಪ್ಪಿ ಮೀನುಗಳು ಚದುರಿ ಮತ್ತೆ ಕೂಡಿಕೊಂಡವು. ಅವನು ಹುಡುಕುತ್ತಿದ್ದುದು ತೊಟ್ಟಿಯ ಹಿಂದಿನ ಎಡಮೂಲೆಯನ್ನು. ಅಲ್ಲಿ ಸ್ಪಂಜಿನ ಫಿಲ್ಟರಿನ ಕೊಳವೆ ಗಾಜಿಗೆ ಒತ್ತಿಕೊಂಡು ನಿಂತಿತ್ತು. ಕೊಳವೆಗೂ ಗಾಜಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿಲ್ಲ, ಹಿಂದೆ ಗೋಡೆ ಇರುವುದರಿಂದ ಕಣ್ಣೂ ಹೋಗುವುದಿಲ್ಲ. ತಿನ್ನದೆ ಉಳಿದ ಕಾಳು, ಉದುರಿದ ಎಲೆ, ಸತ್ತರೆ ಸತ್ತ ಮೀನು, ಎಲ್ಲವೂ ನೀರು ಸುತ್ತಿ ಸುತ್ತಿ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಶುಕ್ರವಾರ ಸಂಜೆಯಿಂದ ಮನೆಯಲ್ಲಿ ಒಂದು ವಾಸನೆ ಎದ್ದಿತ್ತು, ಒದ್ದೆ ಬಟ್ಟೆಯನ್ನು ಮಡಚಿಟ್ಟು ಮರೆತಂಥ ಹುಳಿ ವಾಸನೆ. ಅದು ಈ ಮೂಲೆಯಿಂದಲೇ ಬರುತ್ತಿರಬೇಕು.

"ನಿನ್ನ ಮೀನಾ ನಾರಾಕತ್ತಾವು ನೋಡೋ," ಎಂದು ಅವ್ವ ರೇವವ್ವ ಶುಕ್ರವಾರವೇ ಒಳಕೋಣೆಯ ಮಂಚದಿಂದ ಹೇಳಿದ್ದಳು. ಹೇಮಂತ ತಕ್ಷಣ ಹೌದೆಂದಿದ್ದ. ಅಷ್ಟು ಬೇಗ ಯಾಕೆ ಹೌದೆಂದೆ ಎನ್ನುವುದು ಆಗ ಅವನಿಗೆ ಹೊಳೆದಿರಲಿಲ್ಲ. ಅಥವಾ ಹೊಳೆದದ್ದನ್ನು ಅಲ್ಲಿಗೇ ಬಿಟ್ಟಿದ್ದ, ಕೈ ಹೋಗದ ಮೂಲೆಯನ್ನು ಬಿಡುವ ಹಾಗೆ. ಹೆಂಡತಿ ಶಾಂಭವಿ ಪಂಚಮಿಗೆ ತವರಿಗೆ ಹೋಗಲಾಗಿರಲಿಲ್ಲ, ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆ ಎಂದು. ಹುಣ್ಣಿಮೆಗಾದರೂ ಹೋಗಿ ಬಾ ಎಂದು ಅವನೇ ಒತ್ತಾಯಿಸಿ ಗುರುವಾರ ದುಮ್ಮವಾಡಕ್ಕೆ ಬಸ್ಸು ಹತ್ತಿಸಿದ್ದ. ನಾಲ್ಕು ದಿನ ನಾನು ನೋಡಿಕೊಳ್ಳಲಾರೆನೆ, ನನ್ನ ಅವ್ವ ಅಲ್ಲವೆ ಎಂದಿದ್ದ. ಬಸ್ಸಿನ ಕಿಟಕಿಯಿಂದ ಶಾಂಭವಿ ತನ್ನ ಎಡಗೈಯನ್ನು ಮುಷ್ಟಿ ಮಾಡಿ, ಬಲಗೈಯಿಂದ ಅದನ್ನು ಬಿಡಿಸುವಂತೆ ತೋರಿಸಿದ್ದಳು. ಸುತ್ತ ನಿಂತವರು ಏನೆಂದುಕೊಂಡರೋ ಎಂದು ಅವನಿಗೆ ನಾಚಿಕೆಯಾಗಿ, ಗೊತ್ತೈತಿ ಗೊತ್ತೈತಿ ಎಂದು ತಲೆಯಾಡಿಸಿ ಹಿಂದಕ್ಕೆ ಸರಿದಿದ್ದ.

ಏಪ್ರಿಲ್‌ನಲ್ಲಿ ಲಕ್ವಾ ಹೊಡೆದು ಅವ್ವನ ಎಡಭಾಗ ಬಿದ್ದುಹೋಗಿತ್ತು. ಮಾತು ಉಳಿದಿತ್ತು, ಮಾತಿನ ಮೊನೆಯೂ ಉಳಿದಿತ್ತು. ಎಡಗೈ ಮಾತ್ರ ದಿನದಿನಕ್ಕೆ ಬಿಗಿಯುತ್ತ ಹೋಗಿ ಮುಷ್ಟಿಯಾಗಿ ನಿಂತುಬಿಟ್ಟಿತು. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ, ಯಾವುದನ್ನೋ ಯಾರಿಗೂ ಕೊಡುವುದಿಲ್ಲ ಎಂದು ಹಿಡಿದ ಹಾಗೆ. ದಿನವೂ ಅದನ್ನು ಬಿಡಿಸಿ ತೊಳೆಯಬೇಕು, ಇಲ್ಲವಾದರೆ ಒಳಗೆ ಬೆವರು ಕೊಳೆತು ಚರ್ಮ ಹೋಗುತ್ತದೆ ಎಂದು ಹುಬ್ಬಳ್ಳಿಯ ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಾಗ ಹೇಮಂತ ಬಾಗಿಲ ಹತ್ತಿರ ನಿಂತು ಗೋಡೆಯ ಮೇಲಿನ ಸ್ನಾಯುಗಳ ಚಿತ್ರವನ್ನು ಓದುತ್ತಿದ್ದ. ಕಲಿತವಳು ಶಾಂಭವಿ. ಅವ್ವನಿಗೆ ಬೆವರಿನ ಚಿಂತೆ ಇರಲಿಲ್ಲ. ಅವಳ ಚಿಂತೆ ಬೇರೆ. ಇಷ್ಟಲಿಂಗ ಕುಳಿತುಕೊಳ್ಳುವುದು ಎಡ ಅಂಗೈಯಲ್ಲಿ. ಏಳನೆಯ ವಯಸ್ಸಿಗೆ ಲಿಂಗ ಕಟ್ಟಿಸಿಕೊಂಡವಳು, ಒಂದು ದಿನವೂ ಪೂಜೆ ಬಿಟ್ಟವಳಲ್ಲ, ಈಗ ಅಂಗೈಯೇ ಇಲ್ಲ. ಶಾಂಭವಿ ತನ್ನ ಕೈಯಲ್ಲಿ ಹಿಡಿಯುತ್ತೇನೆ ಎಂದಾಗ, ಇನ್ನೊಬ್ಬರ ಕೈಯಲ್ಲಿ ಕುಂತದ್ದು ನನ್ನದು ಹೇಗಾದೀತು ಎಂದಳು. ಬಲಗೈಯಲ್ಲಿಟ್ಟುಕೋ ಎಂದರೆ, ಹಿಡಿದ ಕೈಯೇ ನೀರು ಹಾಕುತ್ತದೆಯೇ ಎಂದಳು. ಲಿಂಗ ಕಟ್ಟಿದ ಕೊರಳ ವಸ್ತ್ರವನ್ನು ಬಿಚ್ಚದೆಯೇ ಕಣ್ಣಿಗೊತ್ತಿಕೊಂಡು ನಾಲ್ಕು ತಿಂಗಳು ಕಳೆದಳು. ನಾಳೆ ಹುಣ್ಣಿಮೆ ಕೂಡಿಬಂದ ಶ್ರಾವಣದ ಸೋಮವಾರ. ನಾಳೆ ಮಾತ್ರ ಕಣ್ಣಿಗೊತ್ತಿಕೊಂಡರೆ ನಡೆಯುವುದಿಲ್ಲ, ಪೂಜೆಯಾಗುವ ತನಕ ನೀರೂ ಗುಳಿಗೆಯೂ ಬಾಯಿಗೆ ಇಲ್ಲ ಎಂದು ನಿನ್ನೆ ಸಂಜೆ ಹೇಳಿ ಗೋಡೆಯ ಕಡೆ ಮುಖ ಮಾಡಿದ್ದಳು. ರಕ್ತದೊತ್ತಡದ ಗುಳಿಗೆ ಒಂದು ಹೊತ್ತು ತಪ್ಪಿದರೂ ಏನಾಗಬಹುದು ಎಂದು ಹೇಮಂತ ವಿವರಿಸಿದ. ಗೋಡೆ ಕೇಳಿಸಿಕೊಂಡಿತು.

ಅವನು ಕೈ ಹೊರಗೆ ತೆಗೆದು ಸೈಕಲ್ಲಿನ ಕಡ್ಡಿಯನ್ನು ಎತ್ತಿಕೊಂಡ. ತುದಿ ಬಾಗಿಸಿ, ಅದಕ್ಕೆ ಹಲ್ಲುಜ್ಜುವ ಬ್ರಶ್ಶಿನ ತಲೆ ಕಟ್ಟಿದ್ದ. ಕಲ್ಲಿನ ಅಡಿಗೆ, ಗಾಜು ಗಾಜು ಕೂಡುವ ಅಂಟಿನ ಗೆರೆಗೆ ಅದು ಹೋಗುತ್ತದೆ, ಆದರೆ ಮೆಲ್ಲಗೆ. ಅಂಟು ಕಿತ್ತರೆ ತೊಟ್ಟಿ ಸೋರುತ್ತದೆ. ಕೊಳವೆಯ ಹಿಂದಕ್ಕೆ ಕಡ್ಡಿಯೂ ಹೋಗದು. ಅಲ್ಲಿಗೆ ಅವನದೇ ಒಂದು ಉಪಾಯವಿತ್ತು: ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯ ಉದ್ದನೆಯ ಪಟ್ಟಿಯನ್ನು ಮೇಲಿನಿಂದ ಇಳಿಬಿಟ್ಟು, ಕೊಳವೆಯ ಸುತ್ತ ಹಾಯಿಸಿ, ಎರಡೂ ತುದಿ ಹಿಡಿದು ಅತ್ತ ಇತ್ತ ಎಳೆಯುವುದು, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ. ಒತ್ತುವಂತಿಲ್ಲ, ಕೆರೆಯುವಂತಿಲ್ಲ, ಬಟ್ಟೆ ತಾನಾಗಿ ದಾರಿ ಮಾಡಿಕೊಳ್ಳಬೇಕು. ಎದ್ದ ಹೊಲಸನ್ನು ದೊಡ್ಡ ಸಿರಿಂಜಿಗೆ ಸಲೈನಿನ ನಳಿಗೆ ಸಿಕ್ಕಿಸಿ ಹೀರಿಕೊಳ್ಳಬೇಕು. ಸಾಬೂನು ಸೋಕಬಾರದು. ಇದನ್ನೆಲ್ಲ ಅವನು ಎಷ್ಟು ಪ್ರೀತಿಯಿಂದ ಮಾಡುತ್ತಿದ್ದನೆಂದರೆ, ಒಮ್ಮೆ ಶಾಂಭವಿ ಒಗೆಯುವ ಬಟ್ಟೆಯ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ನಿಂತು ನೋಡಿ, ಮುಂದಿನ ಜನ್ಮದಲ್ಲಿ ಮೀನಾಗಿ ಹುಟ್ಟಬೇಕು ಎಂದು ಹೇಳಿ ಹೋಗಿದ್ದಳು.

ತೊಟ್ಟಿ ಸ್ಕೂಲಿನ ಪ್ರಯೋಗಶಾಲೆಯದು. ಮುಚ್ಚಳ ಒಡೆದದ್ದೆಂದು ಮೂಲೆಗೆ ಹಾಕಿದ್ದನ್ನು ಕೇಳಿ ತಂದಿದ್ದ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಊರಿನ ಸಿಮೆಂಟ್ ಟಾಕಿಗಳಿಗೆ ಬಿಡುವ ಗಪ್ಪಿಗಳಲ್ಲಿ ಒಂದಿಷ್ಟನ್ನು ಡಬ್ಬಿಯಲ್ಲಿ ತಂದು ಬಿಟ್ಟ ದಿನ ಅವ್ವ ಪಡಸಾಲೆಯಲ್ಲಿ ನಡುಗೆ ಕೈ ಕೊಟ್ಟು ನಿಂತಳು. ಲಿಂಗವಂತರ ಮನೆಯಲ್ಲಿ ಮೀನೇ? ಮಂದಿ ಕೇಳಿದರೆ ಏನು ಹೇಳುವುದು, ಹುರಿಯುವುದು ಯಾವಾಗ ಎಂದರೆ? ಬಾಜೂ ಮನೆಯ ಮಲಿಕಾಬಿ ಅದನ್ನೇ ಕೇಳಿದಳು. ವಾರದೊಳಗೆ ಅವ್ವ ತನ್ನದೇ ದಾರಿ ಕಂಡುಕೊಂಡಳು. ಒಂದು ದಿನ ಸ್ಕೂಲಿನಿಂದ ಬಂದು ನೋಡಿದರೆ ತೊಟ್ಟಿಯ ಮುಂದಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿಯ ಗೆರೆ, ಅವ್ವನ ಈಬತ್ತಿ. ಇವು ಈಗ ನಮ್ಮವಾದವು, ಇನ್ನು ಇವಕ್ಕೆ ಹುಳ ಹಾಕಬೇಡ ಎಂದಳು. ಅಂಗಡಿಯ ಮೀನಿನ ಕಾಳಿನಲ್ಲಿ ಮೀನಿನದೇ ಪುಡಿ ಇರುತ್ತದೆ ಎನ್ನುವುದನ್ನು ಹೇಮಂತ ಅವಳಿಗೆ ಹೇಳಲಿಲ್ಲ. ಗಾಜಿನ ಮೇಲಿನ ಗೆರೆಗಳನ್ನು ಅವನು ಒರೆಸುತ್ತಿದ್ದ, ಅವಳು ಮತ್ತೆ ಎಳೆಯುತ್ತಿದ್ದಳು, ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಆದರೆ ಮಾರ್ಚ್‌ನಲ್ಲಿ ಅವನು ಮಾತಾಡಿದ. ಹಿಂದಿನ ಮೂಲೆಯಲ್ಲಿ, ನೀರಿನ ಅಂಚಿನಿಂದ ಕೆಳಗೆ ಗೇಣುದ್ದ, ಗಾಜಿಗೂ ಕೊಳವೆಗೂ ಬಿಳಿಯ ಪೊರೆ ಕಟ್ಟಿತ್ತು. ಎರಡು ಮೀನು ಸತ್ತಿದ್ದವು. ಅವತ್ತು ಬೇಗ ಮನೆಗೆ ಬಂದವನು ಕಂಡದ್ದು ಅವ್ವ ಪೂಜೆಯ ಬಟ್ಟಲನ್ನು ತೊಟ್ಟಿಯ ಮೇಲೆ ಬಗ್ಗಿಸುತ್ತಿದ್ದುದನ್ನು. ಲಿಂಗ ತೊಳೆದು ತೀರ್ಥ ಕುಡಿದ ಮೇಲೆ ಉಳಿದ ಈಬತ್ತಿಯ ನೀರನ್ನು ಯಾರೂ ತುಳಿಯದ ಕಡೆ ಹಾಕಬೇಕು. ಅಂಗಳಕ್ಕೆಲ್ಲ ಕಾಂಕ್ರೀಟು ಬಿದ್ದ ಮೇಲೆ ಮನೆಯಲ್ಲಿ ಯಾರೂ ತುಳಿಯದ ನೀರು ಇರುವುದು ಅಲ್ಲೊಂದೇ ಎಂದು ಅವಳಿಗೆ ತೋರಿತ್ತು. ಎಷ್ಟು ತಿಂಗಳಿಂದ ಹಾಕುತ್ತಿದ್ದಳೋ. ಅವನಿಗೆ ಮೂಲೆಯ ಬಿಳುಪಿನ ಗುಟ್ಟು ಒಮ್ಮೆಲೇ ಬಿಚ್ಚಿಕೊಂಡಿತು, ಗುಟ್ಟು ಬಿಚ್ಚಿಕೊಂಡ ಸಂತೋಷವೇ ಸಿಟ್ಟಾಯಿತು. "ನಿನ್ನ ಬೂದಿ ತಂದ್ ಇದರಾಗ ಸುರೀಬ್ಯಾಡ," ಎಂದ. ಬೂದಿ. ಒಲೆಯಲ್ಲಿ ಉಳಿಯುವುದು ಬೂದಿ, ತಿಪ್ಪೆಗೆ ಹೋಗುವುದು ಬೂದಿ. ಆ ಮನೆಯಲ್ಲಿ ಹಣೆಯ ಮೇಲಿನದಕ್ಕೆ ಆ ಹೆಸರನ್ನು ಅವತ್ತಿನ ತನಕ ಯಾರೂ ಹೇಳಿರಲಿಲ್ಲ. ಅವ್ವ ಬಟ್ಟಲನ್ನು ನೆಟ್ಟಗೆ ಮಾಡಿ, ಉಳಿದ ನೀರು ಚೆಲ್ಲದಂತೆ ಅಂಗೈ ಮುಚ್ಚಿಕೊಂಡು ಒಳಗೆ ಹೋದಳು. ಅದು ಎಡ ಅಂಗೈ. ಅಂದಿನಿಂದ ಒಂದು ಹನಿಯೂ ತೊಟ್ಟಿಗೆ ಬೀಳಲಿಲ್ಲ. ಅವನು ಮೂಲೆಯನ್ನು ಕನ್ನಡಿಯಂತೆ ತೊಳೆದ. ಏಪ್ರಿಲ್‌ನಲ್ಲಿ ಅವಳು ಬಿದ್ದಳು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೆದುಳಿನ ರಕ್ತನಾಳ ಯಾವ ಮಾತಿಗೂ ಕಟ್ಟಿಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತು. ಗೊತ್ತಿರುವುದರಿಂದ ಏನೂ ಕಡಿಮೆಯಾಗಿರಲಿಲ್ಲ.

ಮಲಿಕಾಬಿ ಬಂದಳು. ರೊಟ್ಟಿಯ ಮೇಲೆ ಹೆಸರುಕಾಳಿನ ಪಲ್ಯ ಇಟ್ಟುಕೊಂಡು, ತೊಟ್ಟಿಯ ಮುಂದೆ ನಿಂತು, ಮಾಸ್ತರು ಮೀನಿಗೆ ನೀರೆರೆಯುತ್ತಿದ್ದಾರೋ ಎಂದು ಕೇಳಿ ಒಳಗೆ ಹೋದಳು. ಅವಳೂ ಅವ್ವನೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಬಾಗಿಲ ಸಂದಿನಿಂದ ಹೇಮಂತನಿಗೆ ಮಂಚದ ಅಂಚು, ಮಲಿಕಾಬಿಯ ಬೆನ್ನು ಕಾಣುತ್ತಿದ್ದವು. ಅವಳು ಮಂಚದ ಎಡಕ್ಕೆ ಸ್ಟೂಲು ಎಳೆದು ಕುಳಿತಳು, ಮಾತು ಶುರುಮಾಡಿದಳು, ಮೊಮ್ಮಗಳ ಕಿವಿ ಚುಚ್ಚಿಸಿದ್ದು, ಬೆಳ್ಳುಳ್ಳಿಯ ಬೆಲೆ. ನಡುವೆ ಮಲಿಕಾಬಿ ಸೆರಗಿನ ಅಂಚನ್ನು ಮೂಗಿನ ಹತ್ತಿರ ತಂದು, ಬೆವರು ಒರೆಸಿಕೊಂಡವಳಂತೆ ಕೆಳಗಿಳಿಸಿ, ಬಿಸಿಲು ಬರಲಿ ಎನ್ನುತ್ತ ಎದ್ದು ಸ್ಟೂಲನ್ನು ಕಿಟಕಿಯ ಕಡೆಗೆ ಒಯ್ದಳು. ಹೊರಗೆ ಮೋಡ ಕವಿದಿತ್ತು. ಅವಳು ಬೆಳ್ಳುಳ್ಳಿಯ ಮಾತನ್ನು ಬಿಟ್ಟಲ್ಲಿಂದಲೇ ಹಿಡಿದಳು.

"ಮೀನಾ ನಾರತಾವ ಮಲಿಕಾ," ಎಂದಳು ಅವ್ವ, ಯಾರೂ ಕೇಳದೆಯೇ. "ನಮ್ಮ ಮಾಸ್ತರಗ ಮೂಗಿಲ್ಲ."

"ಮೀನ ಅಂದಮ್ಯಾಲ ನಾರಬೇಕಲ್ಲ ರೇವಕ್ಕ," ಎಂದಳು ಮಲಿಕಾಬಿ. "ನಮ್ಮನಿಗೆ ಕೊಡಂದ್ರ ನೀವು ಕೊಡಾವ್ರಲ್ಲ." ಇಬ್ಬರೂ ನಕ್ಕರು. ಅವ್ವನ ನಗೆ ಒಂದು ಬದಿಗೆ ಮಾತ್ರ ಏರಿ ನಿಂತಿತು. ಹೊದಿಕೆಯ ಕೆಳಗೆ ಅವಳ ಬಲಗೈ ಎಡಗೈಯನ್ನು ಸರಿಸಿ ಇನ್ನಷ್ಟು ಒಳಗೆ ಮುಚ್ಚಿಡುವುದನ್ನು ಹೇಮಂತ ನೋಡಿದ, ನೋಡಿದವನು ತೊಟ್ಟಿಯ ಕಡೆ ತಿರುಗಿದ.

ಅವನು ಮೀನುಗಳನ್ನು ಬಕೆಟ್ಟಿಗೆ ದಾಟಿಸಿದ. ನೀರನ್ನು ನಳಿಗೆಯಿಂದ ಇಳಿಸಿದ. ಫಿಲ್ಟರನ್ನೂ ಕಲ್ಲುಗಳನ್ನೂ ಎತ್ತಿ ಹೊರಗಿಟ್ಟ. ಇನ್ನು ತೊಟ್ಟಿಯಲ್ಲಿ ಕೈ ಹೋಗದ ಜಾಗವೇ ಉಳಿಯಲಿಲ್ಲ. ಸತ್ತ ಮೀನಿರಲಿಲ್ಲ, ಕೊಳೆತ ಕಾಳಿರಲಿಲ್ಲ. ಮೂಲೆಯ ತಳದಲ್ಲಿ ಬೊಗಸೆಯಷ್ಟು ಕಂದು ಕೆಸರು. ಅದನ್ನು ಬೆರಳಲ್ಲಿ ತೆಗೆದು ಮೂಗಿಗೆ ಹಿಡಿದ. ಮೊದಲ ಮಳೆಗೆ ಎರೆ ಹೊಲ ಬೀರುವ ವಾಸನೆ, ಮತ್ತೇನೂ ಇಲ್ಲ. ಇನ್ನೊಮ್ಮೆ ಮೂಸಿದ, ಕೆಸರು ಸುಳ್ಳು ಹೇಳಲಿ ಎಂದು ಬೇಡುವವನಂತೆ. ಆಗ ಮೇಲೆ ಗಾಜಿನ ಮೂಲೆಯಲ್ಲಿ ಅದು ಕಂಡಿತು. ಬಿಳಿಯ ಪೊರೆ, ನೀರಿನ ಅಂಚಿನಿಂದ ಕೆಳಗೆ ಗೇಣುದ್ದ. ಅದೇ ಜಾಗ, ಅದೇ ದಪ್ಪ. ಮಾರ್ಚ್‌ನಲ್ಲಿ ಕನ್ನಡಿಯಂತೆ ತೊಳೆದ ಮೂಲೆ. ಈ ಐದು ತಿಂಗಳಲ್ಲಿ ಯಾರೂ ಏನನ್ನೂ ಸುರಿದಿಲ್ಲ; ಸುರಿಯುತ್ತಿದ್ದವಳು ಮಂಚ ಹಿಡಿದು ಮಲಗಿದ್ದಾಳೆ. ಅಡಿಗೆಮನೆಯಿಂದ ನಿಂಬೆಹಣ್ಣು ತಂದು ಒಂದು ಹನಿ ಹಿಂಡಿದ. ಪೊರೆ ಸಣ್ಣಗೆ ನೊರೆಗಟ್ಟಿತು. ಸುಣ್ಣ. ಕೆರೆಯ ಸಿಹಿನೀರು ಕುಡಿಯಲಿಕ್ಕೇ ಸಾಲದೆಂದು ಆವಿಯಾದಷ್ಟನ್ನು ತುಂಬಲು ಅವನೇ ಬೋರಿನ ಸವಳು ನೀರು ಹಾಕುತ್ತ ಬಂದಿದ್ದ, ಗಾಳಿಯ ಗುಳ್ಳೆ ಏಳುವ ಆ ಮೂಲೆಯಲ್ಲಿ ನೀರು ತನ್ನ ಸುಣ್ಣವನ್ನು ಬಿಟ್ಟುಕೊಡುತ್ತ ಬಂದಿತ್ತು. ಒಂಬತ್ತನೆಯ ಇಯತ್ತೆಯ ಪಾಠ. ಅವತ್ತು ಒಂದು ನಿಂಬೆಹಣ್ಣನ್ನೂ ಹಿಂಡದೆ, ಒಂದು ತಿಂಗಳೂ ಕಾಯದೆ, ಬಟ್ಟಲು ಹಿಡಿದ ಮುದುಕಿಯನ್ನು ಕಂಡದ್ದೇ ಸಾಕು ಎಂದು ಅವನು ತೀರ್ಮಾನಿಸಿದ್ದ.

ವಾಸನೆಯೂ ತೊಟ್ಟಿಯದಲ್ಲ, ಬಿಳುಪೂ ಅವಳದಲ್ಲ. ಅವನು ಖಾಲಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತೇ ಇದ್ದ. ಮಲಿಕಾಬಿ ಯಾವಾಗ ಹೋದಳೋ. ನಿನ್ನೆ ಶಾಂಭವಿ ಫೋನಿನಲ್ಲಿ, ಅತ್ತೆಯ ಕೈ ತೊಳೆದಿರೇನು ಎಂದು ಕೇಳಿದಾಗ ಹೂಂ ಎಂದಿದ್ದ. ಒದ್ದೆ ಬಟ್ಟೆಯಿಂದ ಮುಷ್ಟಿಯ ಹೊರಗನ್ನು ಒರೆಸಿದ್ದಕ್ಕೆ ಹೂಂ ಎನ್ನಬಹುದಾದರೆ ಅದು ಸುಳ್ಳಲ್ಲ. ಹೇಸಿಗೆಯೇ? ಕೊಳೆತ ಮೀನನ್ನು ಬರಿಗೈಯಲ್ಲಿ ತೆಗೆಯಲು ಬೆಳಗಿನಿಂದ ಹುಡುಕುತ್ತಿದ್ದವನಿಗೆ ಹೇಸಿಗೆ ಎಲ್ಲಿಯದು. ಇದು ಅದಕ್ಕಿಂತ ಹಳೆಯದು, ಅವನಿನ್ನೂ ಚಿಕ್ಕ ಹುಡುಗನಾಗಿದ್ದಾಗಿನದು. ಮುಂಜಾನೆ ಅವ್ವ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಾಳೆ. ಅವಳ ಮೊಣಕಾಲಿಗೆ ಗದ್ದ ಊರಿ ಅವನು ನಿಂತಿರುತ್ತಾನೆ. ಕಣ್ಣೆದುರಿಗೇ ಎಡ ಅಂಗೈ, ಅದರ ನಡುವೆ ಲಿಂಗದ ಕರಿಯ ಮಿನುಗು. ಅವ್ವನ ಬೆನ್ನು, ತೊಡೆ, ಕೂದಲು, ಎಲ್ಲವೂ ಅವನವು. ಏರಿ ಹಾರಿ ಜಗ್ಗಬಹುದು. ಆ ಅಂಗೈಯನ್ನು ಮಾತ್ರ ಮುಟ್ಟುವಂತಿಲ್ಲ. ಒಮ್ಮೆ ಬೆರಳು ಚಾಚಿದ್ದಕ್ಕೆ ಅವಳು ಬಯ್ಯಲಿಲ್ಲ, ಕಣ್ಣು ಮುಚ್ಚಿಕೊಂಡೇ ಕೈಯನ್ನು ತುಸು ಮೇಲಕ್ಕೆ ಎತ್ತಿದಳು, ಅಷ್ಟೇ. ಅವನು ಎಷ್ಟು ಬೆಳೆದರೂ ಆ ಕೈ ಅಷ್ಟೇ ಎತ್ತರದಲ್ಲಿ ಉಳಿದಿತ್ತು. ಕಾಲೇಜಿಗೆ ಹೋದಾಗ ಅವನು ತನ್ನ ಲಿಂಗವನ್ನು ಕೊರಳಿಂದ ತೆಗೆದು ದೇವರ ಜಗಲಿಯ ಮಾಡಿನಲ್ಲಿ, ಗೋಡೆಯ ಗೂಡಿನಲ್ಲಿಟ್ಟ. ಆ ಅಂಗೈಯ ಭಯ ಮಾತ್ರ ಅವನನ್ನು ಬಿಟ್ಟು ಹೋಗಿರಲಿಲ್ಲ.

ಉಗುರುಬೆಚ್ಚಗಿನ ನೀರು, ಅಗಲ ಬೋಗುಣಿ, ಹೊಸ ಗಾಜ್ ಪಟ್ಟಿ. ಅವನು ಮಂಚದ ಎಡಕ್ಕೆ, ಮಲಿಕಾಬಿ ಬಿಟ್ಟುಹೋದ ಜಾಗದಲ್ಲಿ ಕುಳಿತ. ಹೊದಿಕೆ ಸರಿಸಿದಾಗ ವಾಸನೆ ತನ್ನ ನಿಜವಾದ ಮನೆಯಿಂದ ಎದ್ದು ಬಂದಿತು. ಅವ್ವ ಸೂರು ನೋಡುತ್ತಿದ್ದಳು.

"ಶಾಂಭವಿ ಬರ್ಲಿ," ಎಂದಳು. "ನಿನಗ ಆಗಂಗಿಲ್ಲ."

"ಆಗ್ತೈತಿ."

"ಮೀನ ತೊಳಿ ಹೋಗು."

"ಮೀನಾ ನಾರವಲ್ಲವ್ವಾ."

ಅವ್ವನ ಗಲ್ಲದ ಆಡುವ ಬದಿ ಒಮ್ಮೆ ಅದುರಿತು. "ಗೊತ್ತೈತಿ," ಎಂದಳು, "ಬಾಯಿಲ್ಲದ್ದರ ಮ್ಯಾಲ ಹಾಕಿದೆ."

ಅವನೂ ಹಾಗೆಯೇ ಒಂದನ್ನು ಹೇಳಬೇಕಿತ್ತು, ನಿಂಬೆಹಣ್ಣಿನದು, ಸುಣ್ಣದ್ದು. ನಾಲಿಗೆಯ ತುದಿಗೆ ಬಂದದ್ದು ಪಾಠದ ಹಾಗೆ ಕೇಳಿಸೀತೆಂದು ತಡೆದುಕೊಂಡ. ಮುಷ್ಟಿಯನ್ನು ಬೋಗುಣಿಯ ನೀರಿಗೆ ಇಳಿಸಿದ. ನೀರಿನಲ್ಲಿ ಅದೂ ಮುರಿದಂತೆ, ದೊಡ್ಡದಾಗಿ, ಯಾರದೋ ಎಂಬಂತೆ ಕಂಡಿತು. ಬೆರಳು ಹಿಡಿದು ಎಳೆಯಬೇಡಿ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದು, ಗೋಡೆಯ ಚಿತ್ರ ಓದುತ್ತಿದ್ದವನ ಕಿವಿಗೂ ಬಿದ್ದಿತ್ತೆಂದು ಈಗ ತಿಳಿಯಿತು: ಎಳೆದಷ್ಟೂ ಬಿಗಿಯುತ್ತವೆ, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ, ತಾವಾಗಿ ಸಡಿಲಾಗುತ್ತವೆ. ಬಗ್ಗಿಸಿದ. ಕಾಯ್ದ. ನೀರು ತಣ್ಣಗಾಗತೊಡಗಿತು, ಶಾಂಭವಿ ದಿನವೂ ಇಷ್ಟು ಹೊತ್ತು ಹೀಗೇ ಕೂರುತ್ತಿದ್ದಳು, ಅವನು ಹೊರಗೆ ಸಿರಿಂಜು ಹಿಡಿದು ಕೂತಿರುತ್ತಿದ್ದ. ಕಿರುಬೆರಳು ಮೊದಲು ಬಿಟ್ಟಿತು. ಅದರ ಸಂದಿಯಲ್ಲಿ ಗಾಜ್ ಪಟ್ಟಿಯ ತುದಿಯನ್ನು ತೂರಿಸಿ, ಬೆರಳುಗಳ ಅಡಿಯಿಂದ ಹಾಯಿಸಿ, ಹೆಬ್ಬೆರಳಿನ ಕಡೆ ಹೊರತೆಗೆದ. ಎರಡೂ ತುದಿ ಹಿಡಿದು ಅತ್ತ ಇತ್ತ ಮೆಲ್ಲಗೆ ಎಳೆದ. ಒತ್ತುವಂತಿಲ್ಲ, ಕೆರೆಯುವಂತಿಲ್ಲ. ಪಟ್ಟಿ ಹಳದಿಯಾಗಿ ಹೊರಬಂತು. ಇನ್ನೊಂದು ಪಟ್ಟಿ. ನಡುಬೆರಳು ಬಿಟ್ಟಿತು, ಉಗುರು ನೆಟ್ಟಿದ್ದಲ್ಲಿ ಎಳೆಯ ಚಂದ್ರನಂಥ ಕೆಂಪು ಗುರುತು. ಹೆಬ್ಬೆರಳು ಹೊರಗೆ ಬಂದಾಗ ಅವನು ಅಂಗೈಯನ್ನು ಕಂಡ. ಬಿಳುಚಿ, ನೆನೆದು, ಗೆರೆಗಳು ಉಬ್ಬಿದ ಅಂಗೈ. ಪಕ್ಕದಲ್ಲಿ, ಬೆಳಗಿನಿಂದ ತೊಟ್ಟಿಯಲ್ಲಿದ್ದ ಅವನ ಬೆರಳುಗಳೂ ಅಷ್ಟೇ ಬಿಳುಚಿ ನೆರಿಗೆಗಟ್ಟಿದ್ದವು. ಅವನು ಆ ಅಂಗೈಯ ನಡುವೆ ಹೆಬ್ಬೆರಳಿಟ್ಟು ಉಜ್ಜಿದ. ಅವ್ವ ಅದನ್ನು ಮೇಲಕ್ಕೆ ಎತ್ತಲಿಲ್ಲ. ಎತ್ತಲಾರಳು, ಆದರೆ ಎತ್ತುವ ಮನಸ್ಸೂ ಇರಲಿಲ್ಲವೆಂದು ಅವಳ ಕಣ್ಣು ಮುಚ್ಚಿದ ರೀತಿಯಲ್ಲಿತ್ತು.

ಒಣಬಟ್ಟೆಯಿಂದ ಒತ್ತಿ ಒರೆಸಿದ. ಬೆರಳುಗಳು ಅರ್ಧ ಮಡಿಸಿ ನಿಂತಿದ್ದವು, ಬಟ್ಟಲಿನಂತೆ. ಎಷ್ಟು ತೆರೆದಿದೆ ಎಂದು ಪ್ರತಿ ವಾರ ಅಳೆಯಬೇಕು ಎಂದು ಆ ಹುಡುಗಿ ಹೇಳಿದ್ದು ನೆನಪಾಗಿ ಸ್ಕೇಲಿಗೆಂದು ಎದ್ದ.

"ಅಳಿಯೋ ಪಟ್ಟಿ ತರಬ್ಯಾಡ," ಎಂದಳು ಅವ್ವ, ಕಣ್ಣು ತೆರೆಯದೆ. "ಲಿಂಗ ಕುಂದರಷ್ಟ ಐತಿ. ನೀರ ತಾ."

"ನಾಳೆ ಸೋಮಾರವ್ವಾ. ಇವತ್ತ ರವಿವಾರ."

"ಕೈ ಬಿಚ್ಚಿದ್ದಽ ಸೋಮಾರ. ನಾಳೆ ಬಿಚ್ಚತೈತೋ ಇಲ್ಲೋ." ಬಲಗೈಯಿಂದ ಕೊರಳ ವಸ್ತ್ರ ಬಿಚ್ಚತೊಡಗಿದಳು. ಗಂಟು ಜಾರುತ್ತಿತ್ತು, ಅವನು ಕೈ ಚಾಚಲಿಲ್ಲ, ಅದು ಅವಳ ಕೆಲಸ. "ಮಾಡಿನಾಗ ಆ ಬೂದಿ ಐತಿ ನೋಡು, ಕೊಡು."

ಅವಳು ಆ ಶಬ್ದವನ್ನು ಐದು ತಿಂಗಳಿಂದ ಎಲ್ಲಿಯೋ ಬಿಗಿಹಿಡಿದು ಇಟ್ಟುಕೊಂಡಿದ್ದಳು. ಹೇಮಂತ ಮಾಡಿನ ಮುಂದೆ ನಿಂತ. ಅವನ ಬೆನ್ನು ಅವಳ ಕಡೆಗಿತ್ತು.

"ಈಬತ್ತಿ ಎರಡ ಉಂಡಿ ಅದಾವು," ಎಂದ. "ಹೊಸಾದು ಕೊಡ್ಲೋ, ಹಳೇದೋ?"

"ಹಳೇದು ಇರ್ಲಿ," ಎಂದಳು ಅವ್ವ. "ಅದು ಕೈಗೆ ಹತ್ತೇತಿ."

ಲಿಂಗ ಅಂಗೈಗೆ ಇಳಿದಾಗ ಬೆರಳುಗಳು ತಾವಾಗಿ ಅದರ ಮೇಲೆ ಬಾಗಿದವು. ಅವಳು ಬಲಗೈಯಿಂದ ಬೆರಳ ಸಂದಿಯಲ್ಲಿ ನೀರು ಬಿಟ್ಟಳು, ಈಬತ್ತಿ ಹಚ್ಚಿದಳು, ಇಡೀ ಲಿಂಗ ಕಾಣಿಸದಿದ್ದರೂ ಕಂಡಂತೆಯೇ ನೋಡಿದಳು. ಕೈ ಅವಳ ಎದೆಯಿಂದ ಮೇಲೆ ಏಳಲಾರದು. ಹೇಮಂತ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು, ಹಿಂದೆ ಅದು ಇರುತ್ತಿದ್ದ ಎತ್ತರಕ್ಕೆ ಹಿಡಿದು ಕುಳಿತ. ತೋಳು ನೋಯತೊಡಗಿತು. ಅವಳು ಅವಸರ ಮಾಡಲಿಲ್ಲ. ಆಮೇಲೆ ಗುಳಿಗೆ ತೆಗೆದುಕೊಂಡಳು, ರೊಟ್ಟಿಯಲ್ಲಿ ಅರ್ಧ ತಿಂದಳು, ಮಲಿಕಾಬಿಯ ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು. ಬಟ್ಟಲಿನಲ್ಲಿ ಉಳಿದ ಮಸುಕು ನೀರನ್ನು ತೋರಿಸಿ, ದಾಸಾಳದ ಕುಂಡಕ್ಕೆ ಹಾಕು, ನಿನ್ನ ಮೀನಿಗೆ ಬೇಡ ಎಂದಳು.

ಕುಂಡಕ್ಕೆ ಹೋಗುವ ದಾರಿ ಪಡಸಾಲೆಯಲ್ಲಿದ್ದ ತೊಟ್ಟಿಯ ಮುಂದೆಯೇ. ತೊಟ್ಟಿಗೆ ಅರ್ಧ ನೀರು ತುಂಬಿ, ಮೀನುಗಳನ್ನು ಬಿಟ್ಟ. ಮೂಲೆಯ ಬಿಳುಪನ್ನು ಅವನು ತೊಳೆಯಲಿಲ್ಲ, ಇರಲಿ ಎಂದು ಬಿಟ್ಟ. ತೊಳೆದಿಟ್ಟ ಸಿರಿಂಜನ್ನು ಪೂಜೆಯ ಬಟ್ಟಲಿಗೆ ಅದ್ದಿ ಹಿಂದಕ್ಕೆ ಎಳೆದು, ತೊಟ್ಟಿಯ ಹಿಂದಿನ ಮೂಲೆಗೆ ಬಾಗಿದ. ಹನಿಗಳು ಬೀಳುವ ಸದ್ದು ಒಳಗಿನ ತನಕ ಹೋಗಿರಬೇಕು.

"ಎಷ್ಟ ಹಾಕಿದಿ?" ಎಂದು ಅವ್ವ ಮಂಚದಿಂದ ಕೇಳಿದಳು.

ಅವನು ಸಿರಿಂಜಿನ ಗೆರೆಯನ್ನು ಬೆಳಕಿಗೆ ಹಿಡಿದು ಓದಿ ಹೇಳಿದ.

"ಐದು ಮಿಲಿಲೀಟರ್."